ಹೊಗೆಗೂಡು ಮುಚ್ಚುವ ಮುನ್ನ

ಮೇ ತಿಂಗಳು ಮುಗಿಯುತ್ತ ಬಂದಂತೆ ಪುತ್ತೂರು, ಸುಳ್ಯ, ಕಡಬ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಮಾಡು ಹತ್ತುವ ಕೆಲಸ ಆರಂಭವಾಗುತ್ತದೆ. ಒಡೆದ ಹೆಂಚು ಬದಲಿಸಬೇಕು, ಸಂದಿನಲ್ಲಿ ತುಂಬಿದ ತರಗೆಲೆ ತೆಗೆಯಬೇಕು, ಮಳೆಗಾಲಕ್ಕೆ ಬೇಕಾದ ಸೌದೆ ಒಟ್ಟಬೇಕು. ಆ ಗಡಿಬಿಡಿಯ ನಡುವೆ ಮಾಡಿನ ಮೇಲಿರುವ ಆಳಿಗೆ ಕೆಳಗಿನಿಂದ ಒಂದು ಮಾತು ಹೇಳುವುದುಂಟು: "ಹೇಗೂ ಹತ್ತಿದ್ದೀರಿ, ಆ ಹೊಗೆಗೂಡನ್ನೂ ಮುಚ್ಚಿಬಿಡಿ. ಅಡುಗೆಗೆ ಗ್ಯಾಸ್ ಉಂಟಲ್ಲ, ಇನ್ನು ಅದು ಯಾರಿಗೆ ಬೇಕು?"

ಮುಚ್ಚಬೇಕೆಂಬ ಯೋಚನೆಯಲ್ಲಿ ತಪ್ಪೇನೂ ಇಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮೂರಿನಲ್ಲಿ, ತೆರೆದು ಬಿದ್ದ ಹೊಗೆಗೂಡೆಂದರೆ ಅಡುಗೆ ಮನೆಗೆ ಮಸಿ ನೀರು ಇಳಿಯುವ ದಾರಿ. ಇಲಿ, ಬಾವಲಿ, ಕಣಜಗಳಿಗೂ ಅದೇ ದಾರಿ. ಆದರೆ ಮುಚ್ಚುವ ಮುನ್ನ ಒಂದು ಪ್ರಶ್ನೆಯನ್ನು ನೀವು ಕೇಳಿಕೊಳ್ಳಲೇಬೇಕು. ಈ ಹೊಗೆಗೂಡು ನಿಜವಾಗಿಯೂ ಬಳಕೆಯಲ್ಲಿ ಇಲ್ಲವೇ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಮುಚ್ಚಿದರೆ ಏನಾಗಬಹುದೆಂಬುದನ್ನು ನಾನು ನನ್ನ ಚಿಕಿತ್ಸಾಲಯದಲ್ಲೇ ಕಂಡವನು. ಅಲ್ಲಿ ಆದ ನನ್ನ ತಪ್ಪನ್ನೂ ಸೇರಿಸಿಯೇ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆಗೆ ಹೋದರೆ ಗುಣ

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಮೊದಲ ಜಡಿಮಳೆ ಹಿಡಿದಿತ್ತು. ಹಳೆಯದೊಂದು ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಕುಟುಂಬದ ತಾಯಿ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದರು. ಮೂವರಿಗೂ ತಲೆನೋವು, ಓಕರಿಕೆ, ಮೈಯಲ್ಲಿ ಶಕ್ತಿಯಿಲ್ಲ. ಜ್ವರವಿಲ್ಲ, ಭೇದಿಯಿಲ್ಲ. ಒಂದೇ ಮನೆಯ ಮೂವರಿಗೆ ಒಟ್ಟಿಗೆ ಬಂದಿದೆಯೆಂದರೆ ಊಟದಲ್ಲೇ ಏನೋ ಏರುಪೇರಾಗಿರಬೇಕು ಎಂದು ನಾನು ಭಾವಿಸಿದೆ. ವಾಂತಿ ನಿಲ್ಲುವ ಮಾತ್ರೆ ಕೊಟ್ಟು, ಕುದಿಸಿ ಆರಿಸಿದ ನೀರು ಕುಡಿಯಲು ಹೇಳಿ ಕಳುಹಿಸಿದೆ.

ಮೂರನೆಯ ದಿನ ಸಂಜೆ ಅದೇ ತಾಯಿಯನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ತಂದರು. ಚಿಕ್ಕ ಮಗುವಿಗೆ ಸ್ನಾನ ಮಾಡಿಸುತ್ತಿದ್ದವರು ಬಚ್ಚಲಿನಲ್ಲೇ ಕುಸಿದು ಬಿದ್ದಿದ್ದರು. ಮಗುವಿನ ಅಳು ಕೇಳಿ ಪಕ್ಕದ ಮನೆಯವರು ಓಡಿ ಬಂದಿದ್ದರಿಂದ ಇಬ್ಬರೂ ಉಳಿದರು. ಆಮ್ಲಜನಕ ಕೊಡುವ ವ್ಯವಸ್ಥೆ ಮಾಡಿ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಸಿದ್ಧತೆಯಲ್ಲಿದ್ದಾಗ ಆಕೆಯ ಗಂಡ ಹೇಳಿದ ಮಾತು ನನ್ನ ಕಣ್ಣು ತೆರೆಸಿತು: "ನಾನು ಬೆಳಗ್ಗೆ ಬೇಗ ಕೆಲಸಕ್ಕೆ ಹೋಗ್ತೇನೆ ಡಾಕ್ಟ್ರೇ, ನನಗೇನೂ ಇಲ್ಲ. ಮಕ್ಕಳಿಗೂ ಶಾಲೆಗೆ ಹೋದರೆ ಗುಣ ಆಗ್ತದೆ. ಮನೆಗೆ ಬಂದು ಮಿಂದ ಮೇಲೆ ಪುನಃ ತಲೆನೋವು."

ಮನೆಯಲ್ಲಿ ಇತ್ತೀಚೆಗೆ ಹೊಸತಾಗಿ ಏನಾದರೂ ಮಾಡಿಸಿದ್ದೀರಾ ಎಂದು ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು. "ಹೊಸತೇನೂ ಇಲ್ಲ. ಅಡುಗೆ ಮನೆಗೆ ಮಳೆ ನೀರು ಬೀಳ್ತದೆ ಅಂತ ಹಳೆಯ ಹೊಗೆಗೂಡಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿಸಿದ್ದೇವೆ, ಅಷ್ಟೇ" ಎಂದರು.

ಅಷ್ಟೇ ಸಾಕಾಗಿತ್ತು. ಆ ಮನೆಯ ಅಡುಗೆ ಒಲೆಯೂ ಬಚ್ಚಲಿನ ಹಂಡೆಯ ಒಲೆಯೂ ಒಂದೇ ಗೋಡೆಯ ಎರಡು ಬದಿಗಿದ್ದವು. ಎರಡರ ಹೊಗೆಗೂ ಗೋಡೆಯೊಳಗೆ ಒಂದೇ ದಾರಿ. ಅಡುಗೆ ಒಲೆ ಉರಿಯದೆ ವರ್ಷಗಳಾಗಿದ್ದವು, ನಿಜ. ಆದರೆ ಬಚ್ಚಲಿನ ಒಲೆ ದಿನಕ್ಕೆ ಎರಡು ಹೊತ್ತು ಉರಿಯುತ್ತಿತ್ತು. ಅಡುಗೆ ಮನೆಯಿಂದ ನೋಡಿದವರಿಗೆ ಬೇಡವಾಗಿದ್ದ ಹೊಗೆಗೂಡು, ಗೋಡೆಯ ಆಚೆ ಬದಿಯಲ್ಲಿ ಆ ಕುಟುಂಬದ ಪ್ರಾಣ ಕಾಯುತ್ತಿತ್ತು.

ಹೊಗೆಗೂಡುಗಳು ಬಿಕೋ ಎಂದದ್ದು ಹೇಗೆ?

ಚಳಿ ಕಾಯಿಸಲು ಗೋಡೆಯೊಳಗೆ ಅಗ್ಗಿಷ್ಟಿಕೆ ಇರುವ ಮನೆಗಳನ್ನು ನೋಡಬೇಕಾದರೆ ನಾವು ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಕಡೆಯ ಹಳೆಯ ತೋಟದ ಬಂಗಲೆಗಳಿಗೆ ಹೋಗಬೇಕು. ನಮ್ಮ ಕಡೆ ಹೊಗೆಗೂಡು ಇರುವುದು ಅಡುಗೆ ಒಲೆಗೆ ಮತ್ತು ಬಚ್ಚಲಿನ ಹಂಡೆಗೆ. ಹಿಂದೆ ಬಹುತೇಕ ಮನೆಗಳಲ್ಲಿ ಅದೂ ಇರಲಿಲ್ಲ. ಹೊಗೆ ಅಟ್ಟಕ್ಕೇರಿ ಹೆಂಚಿನ ಸಂದಿನಿಂದ ಹೊರಗೆ ಹೋಗುತ್ತಿತ್ತು. ಹೋಗುವ ಮೊದಲು ಅಡುಗೆ ಮಾಡುವ ಹೆಂಗಸರ ಕಣ್ಣು, ಶ್ವಾಸಕೋಶಗಳನ್ನು ಸುಟ್ಟೇ ಹೋಗುತ್ತಿತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗವು ಹೊಗೆ ಕೊಳವೆಯುಳ್ಳ ಸುಧಾರಿತ ಒಲೆಯನ್ನು ರೂಪಿಸಿತು. ಎಂಬತ್ತರ ದಶಕದಲ್ಲಿ ಅಸ್ತ್ರ ಒಲೆ ರಾಜ್ಯದ ಹಳ್ಳಿಗಳಿಗೆ ಹೋಯಿತು. ಅನಂತರ ಗ್ಯಾಸ್ ಸಿಲಿಂಡರ್ ಬಂತು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಅದು ತಲುಪಿತು.

ಇದು ಒಳ್ಳೆಯದೇ. ಮನೆಯೊಳಗಿನ ಹೊಗೆಯಿಂದಾಗಿ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಸತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಡುಗೆ ಮನೆಯ ಹೊಗೆ ಕಡಿಮೆಯಾದಷ್ಟೂ ನನ್ನಂತಹ ವೈದ್ಯರಿಗೆ ಸಂತೋಷ. ಆದರೆ ನಮ್ಮಲ್ಲಿ ಅಡುಗೆ ಮಾತ್ರ ಗ್ಯಾಸಿಗೆ ಬಂದಿತು, ಸ್ನಾನದ ನೀರು ಬರಲಿಲ್ಲ. ಅಡಿಕೆ ಸಿಪ್ಪೆ, ತೆಂಗಿನ ಮಡಲು, ಗೆರಟೆ, ರಬ್ಬರ್ ಮರದ ಕಟ್ಟಿಗೆ ಕೈಗೆ ಸಿಗುವ ಊರಿನಲ್ಲಿ ಹಂಡೆಯ ಒಲೆ ಆರುವುದಿಲ್ಲ. ಅಪಾಯ ಅಡಗಿರುವುದು ಇಲ್ಲಿಯೇ. ಒಂದು ಒಲೆ ಆರಿತೆಂದು ಇಬ್ಬರ ದಾರಿಯನ್ನು ಮುಚ್ಚುತ್ತೇವೆ.

ಕಣ್ಣಿಗೆ ಕಾಣದ ವಿಷ

ಕಟ್ಟಿಗೆ, ಇದ್ದಿಲು, ಸೀಮೆ ಎಣ್ಣೆ, ಗ್ಯಾಸ್ ಯಾವುದೇ ಇರಲಿ, ಸಾಕಷ್ಟು ಗಾಳಿ ಸಿಗದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೂಗಿಗೆ ಉರಿಯೂ ಇಲ್ಲ. ಹೊಗೆಯಾದರೆ ಕಣ್ಣಲ್ಲಿ ನೀರು ಬರಿಸಿ ನಮ್ಮನ್ನು ಹೊರಗೆ ಓಡಿಸುತ್ತದೆ. ಹೊಗೆಯಿಲ್ಲದೆ ನಿಗಿನಿಗಿ ಎನ್ನುವ ಕೆಂಡದಿಂದ ಬರುವ ಈ ಅನಿಲ ಅಂತಹ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ನಮ್ಮ ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ದೇಹದ ಮೂಲೆ ಮೂಲೆಗೂ ತಲುಪಿಸುತ್ತದೆ. ಆದರೆ ಅದಕ್ಕೆ ಆಮ್ಲಜನಕಕ್ಕಿಂತ ಕಾರ್ಬನ್ ಮಾನಾಕ್ಸೈಡಿನ ಮೇಲೆ 200 ಪಟ್ಟಿಗೂ ಹೆಚ್ಚು ಒಲವು. ತುಂಬಿದ ಬಸ್ಸಿನಲ್ಲಿ ಒಬ್ಬನು ಸೀಟು ಹಿಡಿದು ಇಳಿಯದೇ ಕುಳಿತರೆ ಉಳಿದವರು ಮುಂದಿನ ನಿಲ್ದಾಣದಲ್ಲೇ ಉಳಿಯಬೇಕಾಗುವಂತೆ, ಈ ಅನಿಲವು ಆಮ್ಲಜನಕದ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಮೊದಲು ಬಳಲುವುದು ಹೆಚ್ಚು ಆಮ್ಲಜನಕ ಬೇಡುವ ಮಿದುಳು ಮತ್ತು ಹೃದಯ.

ಲಕ್ಷಣಗಳು ಇವು: ತಲೆನೋವು, ತಲೆಸುತ್ತು, ಓಕರಿಕೆ, ಕಾಲಿನಲ್ಲಿ ಬಲವಿಲ್ಲದಿರುವಿಕೆ, ಮಂಕು. ವಿಷ ಹೆಚ್ಚಾದಂತೆ ಗೊಂದಲ, ಎದೆನೋವು, ಅಪಸ್ಮಾರದಂತಹ ಸೆಳೆತ, ಪ್ರಜ್ಞೆ ತಪ್ಪುವಿಕೆ, ಸಾವು. ಮಲಗಿದವರು ಏಳದೆಯೇ ಸಾಯಬಹುದು. ಗರ್ಭದಲ್ಲಿರುವ ಶಿಶು, ಚಿಕ್ಕ ಮಕ್ಕಳು, ವೃದ್ಧರು, ಹೃದ್ರೋಗಿಗಳು ಮತ್ತು ರಕ್ತಹೀನತೆ ಇರುವವರಿಗೆ ಅಪಾಯ ಹೆಚ್ಚು. ಗರ್ಭಿಣಿಗೆ ಬರಿಯ ತಲೆನೋವೆನಿಸಿದರೂ ಶಿಶುವಿಗೆ ಅದು ಪ್ರಾಣಾಂತಿಕವಾಗಬಹುದು.

ಈ ಲಕ್ಷಣಗಳನ್ನು ಅಜೀರ್ಣವೆಂದೋ ಪಿತ್ತವೆಂದೋ ತಿಳಿದು ಮೋಸ ಹೋದವರಲ್ಲಿ ನಾನು ಮೊದಲಿಗನಲ್ಲ. ಫ್ರಾನ್ಸಿನ ಪ್ರಸಿದ್ಧ ಕಾದಂಬರಿಕಾರ ಎಮಿಲಿ ಜೋಲಾ ತೀರಿಕೊಂಡದ್ದೇ ಹೀಗೆ. 1902ರ ಸೆಪ್ಟೆಂಬರಿನಲ್ಲಿ ಆತ ಮತ್ತು ಪತ್ನಿ ಹಳ್ಳಿಯ ಮನೆಯಿಂದ ಪ್ಯಾರಿಸ್ಸಿಗೆ ಮರಳಿದ ರಾತ್ರಿ, ಮಲಗುವ ಕೋಣೆಯ ಅಗ್ಗಿಷ್ಟಿಕೆಗೆ ಬೆಂಕಿ ಹಾಕಿದ್ದರು. ಅದರ ಹೊಗೆಗೂಡು ಕಟ್ಟಿಕೊಂಡಿತ್ತು. ನಡುರಾತ್ರಿ ಇಬ್ಬರಿಗೂ ತಲೆನೋವು, ಸಂಕಟ. ಹೊಟ್ಟೆಯ ತೊಂದರೆಯಿರಬೇಕೆಂದು ಆಳುಗಳನ್ನೂ ಎಬ್ಬಿಸಲಿಲ್ಲ. ಬೆಳಗ್ಗೆ ಬಾಗಿಲು ತೆರೆದಾಗ ಹೆಂಡತಿಯಲ್ಲಿ ಜೀವವಿತ್ತು, ಜೋಲಾ ಬದುಕಿ ಉಳಿಯಲಿಲ್ಲ. ಪ್ಯಾರಿಸ್ಸಿನ ಮಹಡಿ ಮನೆಯಾದರೂ ನಮ್ಮೂರ ಹೆಂಚಿನ ಮನೆಯಾದರೂ ಈ ಅನಿಲದ ನಡತೆ ಒಂದೇ.

ಆದ್ದರಿಂದ ಈ ಸುಳಿವುಗಳನ್ನು ನೆನಪಿಡಿ. ಒಂದೇ ಮನೆಯ ಹಲವರಿಗೆ ಜ್ವರವಿಲ್ಲದ ತಲೆನೋವು, ಓಕರಿಕೆ ಒಟ್ಟಿಗೆ ಬಂದರೆ, ಮನೆಯಿಂದ ಹೊರಗೆ ಹೋದಾಗ ಗುಣವಾಗಿ ಮರಳಿದಾಗ ಮತ್ತೆ ಬಂದರೆ, ಒಲೆಯ ಬಳಿ ಹೆಚ್ಚು ಹೊತ್ತು ಇರುವವರಿಗೇ ಹೆಚ್ಚಾಗಿ ಕಾಡಿದರೆ, ಮೊದಲು ಅನುಮಾನಿಸಬೇಕಾದದ್ದು ಬೆಂಕಿಯನ್ನು.

ತಕ್ಷಣ ಮಾಡಬೇಕಾದದ್ದು

ಅನುಮಾನ ಬಂದ ಕೂಡಲೇ ಎಲ್ಲರೂ ಮನೆಯಿಂದ ಹೊರಗೆ ಬನ್ನಿ. ಬಾಗಿಲು ಕಿಟಕಿ ತೆರೆಯುವುದು, ಬೆಂಕಿ ಆರಿಸುವುದು ದಾರಿಯಲ್ಲೇ ಸಾಧ್ಯವಾದರೆ ಮಾತ್ರ. ಬಿದ್ದವರನ್ನು ಎಳೆದು ತರಲು ಹೋಗುವವರು ಉಸಿರು ಬಿಗಿಹಿಡಿದು ಹೋಗಿ ಬೇಗ ಹೊರಬರಬೇಕು. ಕಾಪಾಡಲು ಹೋದವರೂ ಒಳಗೇ ಬೀಳುವುದುಂಟು. ಪ್ರಜ್ಞೆ ಇಲ್ಲದವರ ಬಾಯಿಗೆ ನಿಂಬೆ ಹಣ್ಣಿನ ರಸ, ಕಾಫಿ, ನೀರು ಏನನ್ನೂ ಹಾಕಬೇಡಿ. ಬದಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.

ಇದಕ್ಕೆ ಔಷಧವೆಂದರೆ ಆಮ್ಲಜನಕವೇ. ಸಾಮಾನ್ಯ ಗಾಳಿ ಉಸಿರಾಡುತ್ತಿದ್ದರೆ ರಕ್ತದಲ್ಲಿರುವ ಈ ವಿಷ ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಬೇಕು. ಮಾಸ್ಕಿನ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆಯಲ್ಲಿ ಅಷ್ಟು ಇಳಿಯುತ್ತದೆ. "ಹೊರಗೆ ಬಂದ ಮೇಲೆ ಸರಿಯಾಯಿತು" ಎಂದು ಮನೆಯಲ್ಲೇ ಉಳಿಯಬಾರದು. ಕೆಲವರಲ್ಲಿ ಚೇತರಿಸಿಕೊಂಡ ದಿನಗಳ ಅಥವಾ ವಾರಗಳ ನಂತರ ಮರೆವು, ನಡೆಯಲು ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುತ್ತವೆ.

ಇನ್ನೊಂದು ಎಚ್ಚರಿಕೆ. ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅನೇಕ ಮನೆಗಳಿಗೆ ಬಂದಿದೆ. ಈ ವಿಷದಲ್ಲಿ ಅದನ್ನು ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ತಿಳಿದು 98, 99 ಎಂದು ತೋರಿಸಬಹುದು. ವೈದ್ಯರ ಬಳಿ ಹೋದಾಗ "ಮನೆಯಲ್ಲಿ ಒಲೆ ಉರಿಯುತ್ತಿತ್ತು, ಹೊಗೆಗೂಡು ಮುಚ್ಚಿತ್ತು" ಎಂದು ನೀವಾಗಿಯೇ ಹೇಳಿ. ನನ್ನಂತೆ ಅವರು ಕೇಳಲು ಮರೆಯಬಹುದು.

ಮುಚ್ಚುವ ಕ್ರಮ

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಮಾಡಿಗೆ ಯಾರೂ ಹತ್ತುವ ಮೊದಲು ಬಚ್ಚಲಿನ ಒಲೆಗೆ ಬೆಂಕಿ ಹಾಕಿ, ಅಂಗಳಕ್ಕೆ ಬಂದು ಮಾಡಿನತ್ತ ನೋಡಿ. ಹೊಗೆ ಎಲ್ಲಿಂದ ಏಳುತ್ತಿದೆ? ನೀವು ಮುಚ್ಚಬೇಕೆಂದಿರುವ ಗೂಡಿನಿಂದಲೇ ಏಳುತ್ತಿದ್ದರೆ ಅದು ಬಳಕೆಯಲ್ಲಿದೆ, ಮುಚ್ಚುವಂತಿಲ್ಲ. ಅಡುಗೆ ಮನೆಯ ಹಳೆಯ ಒಲೆಯ ಬಾಯಿಯಲ್ಲಿ ಹೊಗೆಯ ವಾಸನೆ ಬಂದರೂ ದಾರಿ ಒಂದೇ ಎಂದು ತಿಳಿಯಿರಿ. ಮಳೆ ನೀರಿನ ತೊಂದರೆಯಿದ್ದರೆ ಗೂಡಿನ ಬಾಯಿಗಿಂತ ಸಾಕಷ್ಟು ಎತ್ತರದಲ್ಲಿ, ನಾಲ್ಕೂ ಬದಿ ತೆರೆದಿರುವಂತೆ ತಗಡಿನ ಟೋಪಿ ಹಾಕಿಸಿ. ನೀರು ನಿಲ್ಲುತ್ತದೆ, ಹೊಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ಮಸಿ ತೆಗೆಸಿ. ಕಟ್ಟಿಕೊಂಡ ಗೂಡು ಮುಚ್ಚಿದ ಗೂಡಿನಷ್ಟೇ ಕೆಟ್ಟದ್ದು.

ಯಾವ ಬೆಂಕಿಗೂ ಸಂಬಂಧವಿಲ್ಲವೆಂದು ಖಚಿತವಾದರೆ, ಬಾಡಿಗೆ ಮನೆಯಾಗಿದ್ದಲ್ಲಿ ಮನೆಯ ಯಜಮಾನರಿಗೆ ತಿಳಿಸಿ, ಅವರ ಒಪ್ಪಿಗೆಯಿಂದಲೇ ಮುಚ್ಚಿಸಿ. ಗೋಡೆಯೊಳಗೆ ಯಾವುದರ ದಾರಿ ಯಾವುದಕ್ಕೆ ಸೇರಿದೆ ಎಂಬುದು ಕಟ್ಟಿಸಿದವರಿಗೆ ತಿಳಿದಿರುವ ಸಾಧ್ಯತೆ ಹೆಚ್ಚು. ಒಳಗಿನ ಮಸಿ, ಗೂಡು, ಹಿಕ್ಕೆಗಳನ್ನು ಮೊದಲು ತೆಗೆಸಬೇಕು. ಒಣಗಿದ್ದನ್ನು ಗುಡಿಸಿ ಧೂಳೆಬ್ಬಿಸದೆ, ನೀರು ಚಿಮುಕಿಸಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ತೆಗೆಯಬೇಕು. ದಮ್ಮು ಇರುವವರು ಆ ದಿನ ಮನೆಯಲ್ಲಿರುವುದು ಬೇಡ. ಬಾವಲಿಗಳಿದ್ದರೆ ಅವು ಹೊರಗೆ ಹಾರಿದ ಮೇಲೆ ಮುಚ್ಚಬೇಕು. ಒಳಗೇ ಸತ್ತರೆ ಆ ದುರ್ವಾಸನೆ ತಿಂಗಳುಗಟ್ಟಲೆ ಹೋಗದು.

ಹಳೆಯ ಹೊಗೆ ಕೊಳವೆಗಳಲ್ಲಿ ಕೆಲವು ಕಲ್ನಾರಿನ ಸಿಮೆಂಟಿನವು. ಅವನ್ನು ಒಡೆಯಬೇಡಿ, ಗರಗಸದಿಂದ ಕೊಯ್ಯಬೇಡಿ. ಕಲ್ನಾರಿನ ಧೂಳು ಶ್ವಾಸಕೋಶ ಸೇರಿದರೆ ದಶಕಗಳ ನಂತರ ಕ್ಯಾನ್ಸರ್ ತರಬಲ್ಲದು. ಗಟ್ಟಿಯಾಗಿದ್ದರೆ ಇದ್ದಲ್ಲೇ ಇರಲಿ. ತೆಗೆಯಲೇಬೇಕೆಂದರೆ ಚೆನ್ನಾಗಿ ಒದ್ದೆ ಮಾಡಿ, ತುಂಡಾಗದಂತೆ ಇಡಿಯಾಗಿ ಇಳಿಸಬೇಕು.

ಮೇಲ್ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಅದರ ಮೇಲೆ ಹಳೆಯ ಟಯರ್ ಇಡುವ ಪದ್ಧತಿ ನಮ್ಮಲ್ಲಿದೆ. ಹಾಳೆ ಒಂದೇ ಮಳೆಗಾಲದಲ್ಲಿ ಹರಿಯುತ್ತದೆ. ಟಯರಿನಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮರಿ ಮಾಡುತ್ತದೆ. ಇದರ ಬದಲು ಇಳಿಜಾರಾದ ತಗಡು ಅಥವಾ ಕಲ್ಲಿನ ಹಾಸು ಹಾಕಿ, ಬದಿಯಲ್ಲಿ ಸಣ್ಣ ಕಣ್ಣಿನ ಬಲೆ ಹೊಡೆಸಿ. ಕೆಳಗಿನ ಬಾಯಿಯನ್ನು ಇಟ್ಟಿಗೆಯಿಂದ ಕಟ್ಟಿಸುವುದಾದರೂ ಒಂದು ಸಣ್ಣ ಜಾಲಿ ಉಳಿಸಿ. ಎರಡೂ ಕಡೆ ಪೂರ್ತಿ ಬಿಗಿದರೆ ಒಳಗಿನ ತೇವ ಆರದೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ದಮ್ಮಿನವರಿಗೆ ಶತ್ರು. ಗ್ಯಾಸ್ ಒಲೆಗೂ ಗಾಳಿ ಬೇಕು. ಅಷ್ಟು ಕಾಲ ಹೊಗೆಗೂಡೇ ಮಾಡುತ್ತಿದ್ದ ಗಾಳಿಯ ಕೆಲಸಕ್ಕೆ ಈಗ ಕಿಟಕಿಯೊಂದು ತೆರೆದಿರಲಿ.

ದಾರಿಯಿಲ್ಲದ ಬೆಂಕಿಗಳು

ಹೊಗೆಗೂಡಿಗೇ ಸಂಬಂಧಿಸದ, ಆದರೆ ಇದೇ ಅಪಾಯದ ಎರಡು ಸಂಗತಿಗಳನ್ನು ಹೇಳದೆ ಇರಲಾರೆ. ಆಟಿ ತಿಂಗಳ ಮಳೆಯಲ್ಲಿ ಬಾಣಂತಿಯ ಕೋಣೆಗೆ ಕೆಂಡ ತಂದಿಟ್ಟು ಬಾಗಿಲು ಹಾಕುವುದು, ಅದರ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆ ಒಣಗಿಸುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸ. ಬಟ್ಟೆಯನ್ನು ಗಾಳಿಯಾಡುವ ಬೇರೆ ಕಡೆ ಒಣಗಿಸಿ ತನ್ನಿ. ತಾಯಿ ಮಗು ಮಲಗುವ ಕೋಣೆಯೊಳಗೆ ಕೆಂಡ ಬೇಡ.

ಎರಡನೆಯದು ಗ್ಯಾಸ್ ಗೀಸರ್. ಬಚ್ಚಲಿನ ಒಳಗೆ ಅದನ್ನಿಟ್ಟು ಬಾಗಿಲು ಮುಚ್ಚಿ ಸ್ನಾನ ಮಾಡುತ್ತಿದ್ದವರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅದನ್ನು ಬಚ್ಚಲಿನ ಹೊರಗೆ, ತೆರೆದ ಜಾಗದಲ್ಲಿ ಕೂರಿಸಿ ನೀರನ್ನು ಮಾತ್ರ ಒಳಗೆ ತನ್ನಿ. ಸೌದೆ ಒಲೆ ಬಿಟ್ಟು ಗ್ಯಾಸ್ ಗೀಸರಿಗೆ ಬಂದವರು "ಹೊಗೆಯಿಲ್ಲ, ಇನ್ನು ಗೂಡು ಯಾಕೆ" ಎಂದು ಬಚ್ಚಲಿನ ಗಂಡಿಗಳನ್ನೂ ಮುಚ್ಚುವುದನ್ನು ನೋಡಿದ್ದೇನೆ. ಅದು ಎರಡು ಪಟ್ಟು ಅಪಾಯ.

ಮುಂದೆ ಬರುವವರಿಗಾಗಿ

ಕೊನೆಯದಾಗಿ ಬಾಡಿಗೆ ಮನೆಯವರಿಗೆ ಒಂದು ಮಾತು. ನೀವು ಮುಚ್ಚಿಸಿದ್ದು ನಿಮಗೆ ನೆನಪಿರುತ್ತದೆ. ಎರಡು ವರ್ಷದಲ್ಲಿ ವರ್ಗವಾಗಿ ನೀವು ಬೇರೆ ಊರಿಗೆ ಹೋಗುತ್ತೀರಿ. ಮುಂದೆ ಬಂದವರ ಗ್ಯಾಸ್ ಒಂದು ದಿನ ಮುಗಿಯುತ್ತದೆ. ಹೊರಗೆ ಮಳೆ, ಒಳಗೆ ಪತ್ರೊಡೆ ಬೇಯಿಸಬೇಕು, ಮೂಲೆಯಲ್ಲಿ ಹಳೆಯ ಒಲೆ ಇದೆ. ಅವರು ಅದಕ್ಕೆ ಬೆಂಕಿ ಹಾಕುತ್ತಾರೆ. ಗೂಡು ಮುಚ್ಚಿದೆ ಎಂದು ಅವರಿಗೆ ಹೇಳುವವರು ಯಾರು?

ಆದುದರಿಂದ ಹೊಗೆಗೂಡು ಮುಚ್ಚಿದ ದಿನವೇ ಆ ಒಲೆಯನ್ನು ಕಿತ್ತು ತೆಗೆಯಿಸಿ. ಆಗದಿದ್ದರೆ ಅದರ ಮೇಲಿನ ಗೋಡೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ: "ಹೊಗೆಗೂಡು ಮುಚ್ಚಿದೆ, ಬೆಂಕಿ ಹಾಕಬಾರದು." ಮುಚ್ಚಿದ ಇಸವಿಯನ್ನೂ ಬರೆಯಿರಿ. ಮನೆಯ ಯಜಮಾನರು ಬಾಡಿಗೆ ಕರಾರಿನಲ್ಲಿ ಈ ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು.

ನಾನು ಹೇಳಿದ ಆ ತಾಯಿ ಗುಣವಾಗಿ ಮನೆಗೆ ಮರಳಿದ ಮೇಲೆ ಗಂಡ ಮಾಡಿದ ಮೊದಲ ಕೆಲಸ, ಏಣಿ ಇಟ್ಟು ಮಾಡು ಹತ್ತಿ ಆ ಪ್ಲಾಸ್ಟಿಕ್ಕನ್ನು ಬಿಚ್ಚಿದ್ದು. ಎರಡು ವಾರದ ನಂತರ ತಗಡಿನ ಟೋಪಿ ಬಂತು. ನಾನೂ ಒಂದು ಪಾಠ ಕಲಿತೆ. ಅಂದಿನಿಂದ ಮಳೆಗಾಲದಲ್ಲಿ ಒಂದೇ ಮನೆಯ ಇಬ್ಬರು ತಲೆನೋವೆಂದು ಬಂದರೆ, ಏನು ಊಟ ಮಾಡಿದಿರಿ ಎಂದು ಕೇಳುವ ಮೊದಲು ಸ್ನಾನಕ್ಕೆ ನೀರು ಹೇಗೆ ಕಾಯಿಸುತ್ತೀರಿ ಎಂದು ಕೇಳುತ್ತೇನೆ. ಈ ವರ್ಷ ನಿಮ್ಮ ಮಾಡಿಗೆ ಆಳು ಹತ್ತುವ ಮುನ್ನ ನೀವೂ ಒಮ್ಮೆ ಅಂಗಳದಲ್ಲಿ ನಿಂತು ಹೊಗೆ ಎಲ್ಲಿಂದ ಏಳುತ್ತದೆಂದು ನೋಡಿ.